ಹಿತ್ತಲಿನ ಮದ್ದು: ಲಾಲ್‌ಬಾಗಿನ ಕಾಲುದಾರಿಗಳು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಲಾಲ್‌ಬಾಗಿನ ವಿಷಯದಲ್ಲಿ ಬೆಂಗಳೂರಿನವರಿಗೆ ಅಕ್ಷರಶಃ ಅನ್ವಯಿಸುತ್ತದೆ. ಪರಸ್ಥಳದಿಂದ ನಂಟರು ಬಂದರೆ ಅವರನ್ನು ಕರೆದೊಯ್ದು ಗಾಜಿನ ಮನೆಯ ಮುಂದೆ ನಿಲ್ಲಿಸಿ ಪಟ ತೆಗೆಯುವುದುಂಟು. ಜನವರಿ, ಆಗಸ್ಟ್ ತಿಂಗಳುಗಳ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಮಕ್ಕಳ ಕೈ ಹಿಡಿದು ಒಂದು ಸುತ್ತು ಬರುವುದುಂಟು. ಉಳಿದ ದಿನಗಳಲ್ಲಿ ತೋಟ ತನ್ನ ಪಾಡಿಗೆ ತಾನಿರುತ್ತದೆ, ಊರು ತನ್ನ ಪಾಡಿಗೆ ತಾನಿರುತ್ತದೆ. ಬಸವನಗುಡಿಯಲ್ಲಿಯೋ ಜಯನಗರದಲ್ಲಿಯೋ ವಿಲ್ಸನ್ ಗಾರ್ಡನ್ನಿನಲ್ಲಿಯೋ ಮನೆ ಮಾಡಿಕೊಂಡು, ಕೂಗಳತೆಯಲ್ಲಿ 240 ಎಕರೆಯ ನೆರಳನ್ನು ಇಟ್ಟುಕೊಂಡು, ವರ್ಷಕ್ಕೊಮ್ಮೆ ವೈದ್ಯರ ಮುಂದೆ ಕುಳಿತು “ದಿನಾ ಸ್ವಲ್ಪ ನಡೆಯಬೇಕು” ಎಂಬ ಮಾತನ್ನು ಕೇಳಿಸಿಕೊಂಡು ಬರುವ ಸಂಸಾರಗಳು ಒಂದೆರಡಲ್ಲ.

ಆದರೆ ನಸುಕಿನಲ್ಲೇ ಎದ್ದು ಅಲ್ಲಿಗೆ ಬರುವವರಿಗೆ ಬೇರೊಂದು ಲಾಲ್‌ಬಾಗ್ ಗೊತ್ತು. ಬೀದಿಯ ದೀಪಗಳು ಇನ್ನೂ ಆರಿರುವುದಿಲ್ಲ. ಬಾಗಿಲ ಹೊರಗೆ ಎಳನೀರು, ಸೊಪ್ಪಿನ ರಸ, ನೆನೆಸಿದ ಕಾಳು ಮಾರುವವರು ಅಂಗಡಿ ಹೂಡುತ್ತಿರುತ್ತಾರೆ. ಒಳಗೆ ಕಾಲಿಟ್ಟೊಡನೆ ಗಾಳಿಯ ಹದ ಬೇರೆಯಾಗುತ್ತದೆ. ರಾತ್ರಿಯ ತಂಪು ಮರಗಳ ಕೆಳಗೆ ಇನ್ನೂ ಉಳಿದಿರುತ್ತದೆ. ಮಫ್ಲರು ಸುತ್ತಿಕೊಂಡ ನಿವೃತ್ತ ಗುಮಾಸ್ತರು, ಸೀರೆಯ ಮೇಲೆ ಸ್ವೆಟರು ತೊಟ್ಟು ಕ್ಯಾನ್‌ವಾಸ್ ಬೂಟು ಧರಿಸಿದ ಗೃಹಿಣಿಯರು, ಪರೀಕ್ಷೆಯ ಪಾಠವನ್ನು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತ ಸಾಗುವ ಕಾಲೇಜಿನ ಹುಡುಗಿಯರು, ಕೋಲೂರಿಕೊಂಡು ಮೂವತ್ತು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳುವ ಮುದುಕರು, ಇವರೆಲ್ಲ ಆ ಹೊತ್ತಿನ ಲಾಲ್‌ಬಾಗಿನ ಪ್ರಜೆಗಳು. ಮುಂಜಾನೆ ನಡೆಯಲು ಬರುವವರಿಂದ ಅಲ್ಲಿ ಪ್ರವೇಶ ಶುಲ್ಕವನ್ನು ಪಡೆಯುವುದಿಲ್ಲ. ಅಲ್ಲಿನ ನೆರಳು, ನೀರಿನ ಮೇಲಿಂದ ಬೀಸುವ ಗಾಳಿ, ಹಕ್ಕಿಗಳ ಕೂಗು ಎಲ್ಲವೂ ಪುಕ್ಕಟೆಯಾಗಿ ದೊರೆಯುತ್ತವೆ. ಪುಕ್ಕಟೆಯಾಗಿ ದೊರೆಯುವುದರಿಂದಲೇ ಅವುಗಳ ಬೆಲೆ ತಿಳಿಯದೆ ಹೋಗುತ್ತದೆಯೋ ಏನೋ!

ನಡಿಗೆ ತಪ್ಪಿದ ಊರು

ಒಂದು ಕಾಲದಲ್ಲಿ ಬೆಂಗಳೂರಿನವರಿಗೆ ನಡೆಯಿರೆಂದು ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ಪೇಟೆಯಿಂದ ಕೋಟೆಗೆ, ಮಲ್ಲೇಶ್ವರದಿಂದ ಕಚೇರಿಗೆ, ಚಾಮರಾಜಪೇಟೆಯಿಂದ ಶಾಲೆಗೆ ಜನ ನಡೆದೇ ಹೋಗುತ್ತಿದ್ದರು. ತರಕಾರಿ ತರುವುದು, ದೇವಸ್ಥಾನಕ್ಕೆ ಹೋಗುವುದು, ಸಂಜೆ ಗೆಳೆಯರ ಮನೆಯ ಜಗಲಿಗೆ ಹೋಗಿ ಕುಳಿತು ಬರುವುದು ಎಲ್ಲವೂ ಕಾಲ್ನಡಿಗೆಯಲ್ಲಿಯೇ ನಡೆಯುತ್ತಿತ್ತು. ಅದಕ್ಕೆ ವ್ಯಾಯಾಮವೆಂಬ ಹೆಸರಿರಲಿಲ್ಲ. ಸಂಜೆಯ ಹೊತ್ತು ಉದ್ಯಾನದ ಕಡೆಗೆ ತಿರುಗಾಡಿಬರುವುದನ್ನು ಮಾತ್ರ ಹಿರಿಯರು ವಾಯುಸೇವನೆಯೆಂದು ಕರೆದು, ಅದನ್ನೊಂದು ಸಂತೋಷವೆಂದೇ ಎಣಿಸುತ್ತಿದ್ದರು.

ಈಗ ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಬೀದಿಯ ತುದಿಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಸ್ಕೂಟರು ಹೊರಡುತ್ತದೆ. ಅಂಗಡಿಯವನೇ ಮನೆಯ ಬಾಗಿಲಿಗೆ ತಂದುಕೊಟ್ಟರೆ ಅದೂ ಹೊರಡುವುದಿಲ್ಲ. ಕಚೇರಿಯಲ್ಲಿ ಎಂಟು ಗಂಟೆ ಕುರ್ಚಿ, ದಾರಿಯಲ್ಲಿ ಎರಡು ಗಂಟೆ ಆಸನ, ಮನೆಯಲ್ಲಿ ಮಲಗುವ ತನಕ ಸೋಫಾ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂದು ಹಿರಿಯರು ಹೇಳಿದ್ದು ಹಣದ ವಿಷಯವಾಗಿ. ದೇಹದ ವಿಷಯದಲ್ಲಿಯೂ ಅದು ಅಷ್ಟೇ ಸತ್ಯ. ಆ ಕುಡಿಕೆ ಬರಿದಾಗುವುದು ಕಣ್ಣಿಗೆ ಕಾಣುವುದಿಲ್ಲವೆಂಬುದಷ್ಟೇ ವ್ಯತ್ಯಾಸ.

ಕಾಣುವ ಹೊತ್ತಿಗೆ ಲೆಕ್ಕ ದೊಡ್ಡದಾಗಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯೊಂದು, ಭಾರತದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇರುವುದಾಗಿ ಅಂದಾಜು ಮಾಡಿತು. ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲವೆಂದು 2024ರಲ್ಲಿ ಪ್ರಕಟವಾದ ವಿಶ್ವಮಟ್ಟದ ಅಧ್ಯಯನವೊಂದು ತಿಳಿಸಿತು. ಇವು ಯಾರೋ ದೂರದವರ ಸಂಗತಿಗಳಲ್ಲ. ಪ್ರತಿ ಮನೆಯ ಕಪಾಟಿನಲ್ಲಿಯೂ ಸಾಲಾಗಿ ನಿಂತಿರುವ ಮಾತ್ರೆಯ ಡಬ್ಬಿಗಳೇ ಅದಕ್ಕೆ ಸಾಕ್ಷಿ.

ಈ ಕೊರತೆಯನ್ನು ತುಂಬಿಕೊಳ್ಳಲು ಹಲವರು ಹಣ ತೆತ್ತು, ಕಾರಿನಲ್ಲಿ ಕುಳಿತು ವ್ಯಾಯಾಮಶಾಲೆಗೆ ಹೋಗಿ, ಅಲ್ಲಿ ಚಲಿಸುವ ಪಟ್ಟಿಯ ಮೇಲೆ ನಿಂತಲ್ಲೇ ನಡೆಯುತ್ತಾರೆ. ಟ್ರೆಡ್‌ಮಿಲ್ ಎಂಬ ಹೆಸರಿನ ಮೊದಲ ಯಂತ್ರವನ್ನು 1818ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಕ್ಯೂಬಿಟ್ ರೂಪಿಸಿದ್ದು ಸೆರೆಮನೆಯ ಕೈದಿಗಳಿಂದ ಕಠಿಣ ದುಡಿಮೆ ಮಾಡಿಸುವುದಕ್ಕಾಗಿ. ಇಂದಿನ ಯಂತ್ರ ಅದಲ್ಲ, ಅದರಿಂದ ಪ್ರಯೋಜನವಿಲ್ಲವೆಂದೂ ಅಲ್ಲ. ಮಳೆಗಾಲದಲ್ಲಿಯೂ ಅಶಕ್ತರಿಗೂ ಅದು ಒಳ್ಳೆಯ ಊರುಗೋಲು. ಆದರೆ ಗೋಡೆಯನ್ನು ನೋಡುತ್ತ ನಡೆಯುವುದಕ್ಕೂ ಕೆರೆಯನ್ನು ನೋಡುತ್ತ ನಡೆಯುವುದಕ್ಕೂ ಇರುವ ಅಂತರವನ್ನು ಒಮ್ಮೆ ಲಾಲ್‌ಬಾಗಿನ ಏರಿಯ ಮೇಲೆ ಬಂದವರಿಗೆ ವಿವರಿಸಬೇಕಾಗಿಲ್ಲ.

ತೋಟ ಬೆಳೆದ ಬಗೆ

ಲಾಲ್‌ಬಾಗಿನ ದಾರಿಗಳು ಒಂದು ದಿನದಲ್ಲಿ ಆದವಲ್ಲ. 1760ರಲ್ಲಿ ಹೈದರಾಲಿ ಸುಮಾರು 40 ಎಕರೆಯಲ್ಲಿ ತೋಟವನ್ನು ಆರಂಭಿಸಿದನು. ಆತನ ಮಗ ಟಿಪ್ಪು ಸುಲ್ತಾನನು ಹೊರದೇಶಗಳಿಂದ ಗಿಡಗಳನ್ನೂ ಬೀಜಗಳನ್ನೂ ತರಿಸಿ ಅದನ್ನು ಬೆಳೆಸಿದನು. ಅಂದು ಅದು ಅರಸರ ತೋಟ. ಜನಸಾಮಾನ್ಯರು ಬೇಲಿಯ ಹೊರಗೆ ನಿಂತು ನೋಡಬೇಕಾಗಿದ್ದ ವೈಭವ.

1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ತೋಟಗಾರರು ಒಬ್ಬರ ಹಿಂದೊಬ್ಬರು ಬಂದರು. ಜಾನ್ ಕ್ಯಾಮರಾನ್ ಅಧಿಕಾರಿಯಾಗಿದ್ದಾಗ, 1889ರ ನವೆಂಬರ್ 30ರಂದು, ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಡಿಗಲ್ಲು ಹಾಕಿದನು. ಲಂಡನ್ನಿನ ಸ್ಫಟಿಕ ಭವನದ ಮಾದರಿಯನ್ನು ನೆನಪಿಗೆ ತರುವ ಆ ಕಟ್ಟಡ ಇಂದಿಗೂ ತೋಟದ ಮುಖವಾಗಿ ನಿಂತಿದೆ. 1908ರಲ್ಲಿ ಬಂದ ಜರ್ಮನಿಯ ಗುಸ್ತಾವ್ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಿಗೆ ಹೂವಿನ ಪಂಚಾಂಗವೊಂದನ್ನೇ ಬರೆದುಕೊಟ್ಟವರು. ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದವರು. ಅವರ ಬಳಿಕ ಎಚ್.ಸಿ. ಜವರಾಯರೂ, ಅನಂತರ ಎಂ.ಎಚ್. ಮರಿಗೌಡರೂ ಆ ಪರಂಪರೆಯನ್ನು ಮುಂದುವರಿಸಿದರು. ತೋಟ ಇಂದಿನ 240 ಎಕರೆಯ ವಿಸ್ತಾರಕ್ಕೆ ಬೆಳೆದುದರಲ್ಲಿ ಮರಿಗೌಡರ ಪಾಲು ದೊಡ್ಡದು.

ಅರಸರ ತೋಟವು ಸರ್ಕಾರದ ತೋಟವಾಗಿ, ಸರ್ಕಾರದ ತೋಟವು ಸಾರ್ವಜನಿಕರ ತೋಟವಾದ ಕಥೆ ಇದು. ಅದರ ಕೊನೆಯ ಅಧ್ಯಾಯವನ್ನು ಬರೆಯಬೇಕಾದವರು ಅರಸರೂ ಅಲ್ಲ, ಅಧಿಕಾರಿಗಳೂ ಅಲ್ಲ. ದಿನ ಬೆಳಗಾದರೆ ಬಂದು ನಡೆಯುವ ನಾಗರಿಕರು ಅದನ್ನು ಬರೆಯಬೇಕು.

ಒಂದು ಸುತ್ತು

ಲಾಲ್‌ಬಾಗಿಗೆ ನಾಲ್ಕು ಬಾಗಿಲುಗಳು. ಯಾವ ಬಾಗಿಲಿನಿಂದ ಹೊಕ್ಕರೂ ದಾರಿ ಕವಲೊಡೆಯುತ್ತದೆ. ಬಿರುಸಾಗಿ ನಡೆಯುವವರಿಗೆ ಅಗಲವಾದ ರಸ್ತೆಗಳುಂಟು, ಮೆಲ್ಲನೆ ಸಾಗುವವರಿಗೆ ಮರಗಳ ನಡುವೆ ಸುತ್ತುವ ಕಿರುದಾರಿಗಳುಂಟು. ಹೊಸಬರು ಮೊದಲು ದಾರಿ ತಪ್ಪುತ್ತಾರೆ. ಅದರಿಂದ ನಷ್ಟವಿಲ್ಲ, ತಪ್ಪಿದಷ್ಟೂ ನಡಿಗೆ ಹೆಚ್ಚು.

ಹಳೆಯ ಮರಗಳ ಸಾಲಿನಿಂದ ಆರಂಭಿಸುವುದು ಒಳ್ಳೆಯದು. ಬೂರುಗದ ಮಹಾವೃಕ್ಷದ ಬುಡ ಆನೆಯ ಕಾಲುಗಳನ್ನು ಕೂಡಿಸಿ ನಿಲ್ಲಿಸಿದಂತೆ ಹರಡಿಕೊಂಡಿದೆ. ಅದರ ಮುಂದೆ ನಿಂತ ಮಗುವಿಗೆ ತನ್ನ ಎತ್ತರ ಎಷ್ಟೆಂಬುದು ಮೊದಲ ಬಾರಿಗೆ ತಿಳಿಯುತ್ತದೆ. ಅಲ್ಲಿಂದ ಗಾಜಿನ ಮನೆಯನ್ನು ಬಳಸಿಕೊಂಡು ಹೋದರೆ, ಕಬ್ಬಿಣದ ಕಮಾನುಗಳ ಮೇಲೆ ಬೆಳಗಿನ ಬಿಸಿಲು ಮೂಡುವ ಹೊತ್ತಿಗೆ ನಡೆಯುವವರ ಮೈಯೂ ಬಿಸಿಯೇರಿರುತ್ತದೆ.

ಮುಂದೆ ಕೆರೆಯ ಏರಿ. ಇಲ್ಲಿ ನಡಿಗೆ ತಾನಾಗಿಯೇ ಹದಕ್ಕೆ ಬರುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಮರಗಳು. ನೀರುಕಾಗೆ ರೆಕ್ಕೆಗಳನ್ನು ಬಿಡಿಸಿ ಒಣಗಿಸಿಕೊಳ್ಳುತ್ತ ಕುಳಿತಿರುತ್ತದೆ. ಬೆಳ್ಳಕ್ಕಿಗಳು ಯಾವುದೋ ವ್ರತ ಹಿಡಿದಂತೆ ಅಂಚಿನಲ್ಲಿ ನಿಶ್ಚಲವಾಗಿ ನಿಂತಿರುತ್ತವೆ. ಮಿಂಚುಳ್ಳಿ ನೀಲಿಯ ಗೆರೆಯೊಂದನ್ನು ಎಳೆದು ಮರೆಯಾಗುತ್ತದೆ. ದಿನಪತ್ರಿಕೆಯ ತಲೆಬರಹಗಳನ್ನು ಚರ್ಚಿಸುತ್ತ ಬಂದ ಹಿರಿಯರ ಗುಂಪು ಕೂಡ ಈ ಏರಿಯ ಮೇಲೆ ದನಿ ತಗ್ಗಿಸುವುದನ್ನು ಕಾಣಬಹುದು.

ಕೊನೆಗೆ ಬಂಡೆ. ಸಸ್ಯೋದ್ಯಾನದ ನಡುವೆ ಬೋಳಾಗಿ, ಕಪ್ಪು ಬಿಳುಪು ಪಟ್ಟೆಗಳಿಂದ ಕೂಡಿದ ಈ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂವಿಜ್ಞಾನಿಗಳು ಇದನ್ನು ಪರ್ಯಾಯ ದ್ವೀಪದ ನೈಸ್ ಶಿಲೆಯೆಂದು ಕರೆದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಗುರುತಿಸಿದ್ದಾರೆ. ಬಂಡೆಯ ನೆತ್ತಿಯ ಮೇಲೆ ಕೆಂಪೇಗೌಡರ ಕಾಲದ ನೆನಪನ್ನು ಉಳಿಸಿರುವ ಗೋಪುರವಿದೆ. ಇಂತಹವು ನಾಲ್ಕು, ಉಳಿದ ಮೂರು ಹಲಸೂರು ಕೆರೆಯ ಬಳಿ, ಕೆಂಪಾಂಬುಧಿ ಕೆರೆಯ ಬಳಿ ಮತ್ತು ಮೇಖ್ರಿ ವೃತ್ತದ ಬಳಿ ಇವೆ. ಒಂದು ಕಾಲಕ್ಕೆ ಊರಿನ ಎಲ್ಲೆಯೆಂದು ಭಾವಿಸಿದ್ದ ಈ ಗೋಪುರಗಳು ಇಂದು ಊರಿನ ನಡುವೆ ಸಿಕ್ಕಿಕೊಂಡಿವೆ. ಬಂಡೆಯನ್ನು ಏರಲು ದೊಡ್ಡ ಸಾಹಸವೇನೂ ಬೇಕಾಗಿಲ್ಲ. ಆದರೂ ಮೂರು ತಿಂಗಳ ಹಿಂದೆ ಅರ್ಧದಲ್ಲಿ ನಿಂತು ಏದುತ್ತಿದ್ದವರು ಇಂದು ನಿಲ್ಲದೆ ನೆತ್ತಿಯನ್ನು ಮುಟ್ಟಿದರೆ, ಆ ಸಂತೋಷವನ್ನು ಯಾವ ರಕ್ತಪರೀಕ್ಷೆಯ ಚೀಟಿಯೂ ಕೊಡಲಾರದು.

ಈ ಸುತ್ತು ಎಲ್ಲ ದಿನವೂ ಒಂದೇ ಬಗೆಯದಲ್ಲ. ಚಳಿಗಾಲದ ಆರಂಭದಲ್ಲಿ ಆಕಾಶಮಲ್ಲಿಗೆ ರಾತ್ರಿಯೆಲ್ಲ ಉದುರಿ ದಾರಿಯನ್ನು ಬೆಳ್ಳಗೆ ಮಾಡಿರುತ್ತದೆ. ಬಳಿಕ ತಬೆಬುಯದ ಗುಲಾಬಿ ಮತ್ತು ಹಳದಿ. ಅನಂತರ ಜಕರಂಡದ ನೇರಳೆ. ಯುಗಾದಿಯ ಹೊತ್ತಿಗೆ ಹೊಂಗೆಯ ಎಳೆ ಹಸುರು, ಮಾವಿನ ಹೀಚು. ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರಿನ ಕೆಂಪು. ನಿತ್ಯ ನಡೆಯುವವರಿಗೆ ಪಂಚಾಂಗ ನೋಡದೆಯೇ ಋತು ತಿಳಿಯುತ್ತದೆ.

ವೈದ್ಯಶಾಸ್ತ್ರದ ಮಾತು

ನಡಿಗೆಯಿಂದ ಆರೋಗ್ಯವೆಂಬುದು ಬಹುಕಾಲದ ನಂಬಿಕೆ. ಅದನ್ನು ಲೆಕ್ಕದಲ್ಲಿ ತೋರಿಸಿದವರಲ್ಲಿ ಮೊದಲಿಗರು ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್. ಆ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರು ದಿನವೆಲ್ಲ ಕುಳಿತಿರುತ್ತಿದ್ದನು, ಕಂಡಕ್ಟರು ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಒಂದೇ ಬಸ್ಸು, ಒಂದೇ ದಾರಿ, ಹೆಚ್ಚುಕಡಿಮೆ ಒಂದೇ ಬಗೆಯ ಜೀವನ. ಆದರೂ ಹೃದಯದ ಬೇನೆ ಡ್ರೈವರುಗಳಲ್ಲಿ ಹೆಚ್ಚು, ಕಂಡಕ್ಟರುಗಳಲ್ಲಿ ಕಡಿಮೆ ಎಂಬುದನ್ನು ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ಕಂಡಕ್ಟರನೇನೂ ವ್ಯಾಯಾಮವೆಂದು ಮೆಟ್ಟಿಲು ಹತ್ತಿದವನಲ್ಲ; ಟಿಕೇಟು ಕೊಡಲು ಹತ್ತಿದವನು. ಆದರೂ ದೇಹವು ಆ ದುಡಿಮೆಯನ್ನು ತನ್ನ ಲೆಕ್ಕಕ್ಕೆ ಜಮಾ ಮಾಡಿಕೊಂಡಿತು.

ಹಾಗಾದರೆ ಎಷ್ಟು ನಡೆಯಬೇಕು? ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆಯಾದರೆ ಮೊದಲ ಗುರಿ ಮುಟ್ಟಿದಂತೆ. ಬಿರುಸು ಎಂದರೆ ಎಷ್ಟೆಂಬುದಕ್ಕೆ ಗಡಿಯಾರ ಬೇಕಿಲ್ಲ. ಪಕ್ಕದವರೊಡನೆ ಮಾತಾಡಲು ಉಸಿರು ಸಾಕಾಗಬೇಕು, ಹಾಡು ಹೇಳಲು ಸಾಲದಾಗಬೇಕು. ಐದರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಓಡಾಟ, ಆಟ ಬೇಕೆಂಬುದೂ ಅದೇ ಸಂಸ್ಥೆಯ ಮಾತು. ಪಾಠದ ಹೊರೆಯ ಹೆಸರಿನಲ್ಲಿ ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ಸಂಖ್ಯೆ ಈಗ ಎಲ್ಲರ ಬಾಯಲ್ಲಿಯೂ ಇದೆ. ಅದು ವೈದ್ಯರ ಗ್ರಂಥದಿಂದ ಬಂದದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸಿನ ಮರುವರ್ಷ ಜಪಾನಿನಲ್ಲಿ ಹೆಜ್ಜೆ ಎಣಿಸುವ ಸಣ್ಣ ಉಪಕರಣವೊಂದು ಮಾರಾಟಕ್ಕೆ ಬಂದಿತು. ಅದರ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ಹೆಸರು ಜನಪ್ರಿಯವಾಯಿತು, ಸಂಖ್ಯೆ ಶಾಸ್ತ್ರವಾಯಿತು. ಆದರೆ 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಹೆಚ್ಚು ಸಮಾಧಾನಕರವಾದ ಮಾತನ್ನು ಹೇಳಿತು. ಸರಾಸರಿ 72 ವರ್ಷ ವಯಸ್ಸಿನ 16,741 ಮಹಿಳೆಯರ ಹೆಜ್ಜೆಗಳನ್ನು ಎಣಿಸಿ ನೋಡಿದಾಗ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ ಸುಮಾರು 4,400 ಹೆಜ್ಜೆ ನಡೆದವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ಸುಮಾರಿಗೆ ಆ ಲಾಭ ಒಂದು ಮಟ್ಟಕ್ಕೆ ಬಂದು ನಿಂತಿತು. ಹತ್ತು ಸಾವಿರವಾಗಲಿಲ್ಲವೆಂದು ಹತಾಶರಾಗಿ ಕುಳಿತುಬಿಡುವ ಅಜ್ಜಿಯರಿಗೆ ಇದು ಒಳ್ಳೆಯ ಸುದ್ದಿಯಲ್ಲವೆ?

ನಡಿಗೆ ಸರ್ವರೋಗ ನಿವಾರಿಣಿಯಲ್ಲ. ಮಾತ್ರೆ ತೆಗೆದುಕೊಳ್ಳುವವರು ತಾವಾಗಿಯೇ ಮಾತ್ರೆ ಬಿಡಬಾರದು. ಹೃದಯದ ತೊಂದರೆಯುಳ್ಳವರೂ ಬಹುಕಾಲ ಅಲುಗಾಡದೆ ಇದ್ದವರೂ ವೈದ್ಯರನ್ನು ಕೇಳಿ ಆರಂಭಿಸಬೇಕು. ನಡೆಯುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ನಿಂತು ಸಹಾಯ ಕೇಳಬೇಕು. ಮರ್ಯಾದೆಗೆ ಅಂಜಿ ಮುಂದುವರಿಯಬಾರದು. ಇಷ್ಟು ಎಚ್ಚರ ವಹಿಸಿದರೆ, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡಲು, ನಿದ್ರೆಗೆ, ಮನಸ್ಸಿನ ಬೇಸರವನ್ನು ಕಳೆಯಲು ಇಷ್ಟು ಅಗ್ಗವಾದ ಸಾಧನ ಮತ್ತೊಂದಿಲ್ಲ.

ನಾಳೆಯಿಂದ ಎನ್ನುವವರಿಗೆ

ನಡಿಗೆಗೆ ದೊಡ್ಡ ಶತ್ರು ಸೋಮಾರಿತನವಲ್ಲ, ‘ನಾಳೆ’ ಎಂಬ ಮಾತು. ಹೊಸ ಬೂಟು ಬಂದ ಮೇಲೆ, ಮಳೆ ನಿಂತ ಮೇಲೆ, ಮಗನ ಪರೀಕ್ಷೆ ಮುಗಿದ ಮೇಲೆ ಎಂದು ದಿನಗಳು ಉರುಳುತ್ತವೆ. ಆರಂಭಿಸುವವರು ಮೊದಲ ವಾರ ಹತ್ತು ನಿಮಿಷ ನಡೆದರೂ ಸಾಕು. ಮುಂದಿನ ವಾರ ಐದು ನಿಮಿಷ ಕೂಡಿಸಬಹುದು. ಮೊದಲ ದಿನವೇ ಇಡೀ ತೋಟವನ್ನು ಅಳೆದು, ಎರಡನೆಯ ದಿನ ಮಂಡಿ ಹಿಡಿದು ಕುಳಿತು, ಮೂರನೆಯ ದಿನ ಕೈಬಿಡುವುದು ಉತ್ಸಾಹಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಕಾಲಿಗೆ ಹಿತವಾದ ಪಾದರಕ್ಷೆ, ಸಡಿಲವಾದ ಉಡುಪು, ಒಂದು ಕುಡಿಯುವ ನೀರಿನ ಬಾಟಲಿ, ಇಷ್ಟೇ ಸಾಮಗ್ರಿ.

ಒಬ್ಬರೇ ಹೋಗಲು ಬೇಸರವೆಂಬವರಿಗೆ ಜೊತೆ ಬೇಕು. ನೆರೆಮನೆಯ ಇಬ್ಬರು ಮಹಿಳೆಯರು ಕೂಡಿ ಹೊರಟರೆ ಒಬ್ಬಳಿಗೆ ಆಲಸ್ಯವಾದ ದಿನ ಇನ್ನೊಬ್ಬಳು ಬಾಗಿಲು ತಟ್ಟುತ್ತಾಳೆ. ಬೆಳಗಿನ ಹೊತ್ತು ಅಡಿಗೆ, ಡಬ್ಬಿ, ಶಾಲೆಯ ಸಮವಸ್ತ್ರಗಳ ನಡುವೆ ಗೃಹಿಣಿಗೆ ಬಿಡುವು ಸಿಗದೆಂಬುದು ನಿಜ. ಆದರೆ ಆ ಅರ್ಧ ಗಂಟೆಯನ್ನು ಬಿಡಿಸಿಕೊಡುವುದು ಆಕೆಯ ಹೊಣೆ ಮಾತ್ರವಲ್ಲ, ಮನೆಯವರೆಲ್ಲರ ಹೊಣೆ. ವಾರಕ್ಕೆ ಎರಡು ದಿನ ಕಾಫಿಯನ್ನು ಯಜಮಾನರೇ ಬೆರೆಸಿಕೊಂಡರೆ ಸಂಸಾರವೇನೂ ಮುಳುಗುವುದಿಲ್ಲ. ಆಕೆ ನಡೆದು ಬಂದ ಮೇಲೆ ಮನೆಯ ಆರೋಗ್ಯವೂ ಒಂದು ಹೆಜ್ಜೆ ಮುಂದೆ ಬಂದಿರುತ್ತದೆ.

ಮನೆ ದೂರವೆಂಬುದು ಇನ್ನೊಂದು ಸಬೂಬು. 2017ರಿಂದ ಮೆಟ್ರೋ ರೈಲು ತೋಟದ ಮೂಲೆಯಲ್ಲೇ, ಲಾಲ್‌ಬಾಗ್ ಎಂಬ ಹೆಸರಿನ ನಿಲ್ದಾಣದಲ್ಲಿಯೇ ನಿಲ್ಲುತ್ತಿದೆ. ಅದಕ್ಕಿಂತಲೂ ದೂರದವರಿಗೆ ತಮ್ಮ ತಮ್ಮ ಬಡಾವಣೆಯಲ್ಲಿಯೇ ಒಂದು ದಾರಿ ಇದ್ದೇ ಇರುತ್ತದೆ. ನಗರದ ಮಧ್ಯದಲ್ಲಿ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನವುಂಟು, ಮಲ್ಲೇಶ್ವರದ ಅಂಚಿನಲ್ಲಿ 1882ರ ಸ್ಯಾಂಕಿ ಕೆರೆಯುಂಟು. ಬೆಂಗಳೂರಿನ ಹೊರಗೂ ಈ ಭಾಗ್ಯಕ್ಕೆ ಕೊರತೆಯಿಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಕುವೆಂಪು ನಡೆದರು, ಆರ್.ಕೆ. ನಾರಾಯಣ್ ನಡೆದರು, ಇಂದಿಗೂ ಮೈಸೂರಿನವರು ನಡೆಯುತ್ತಾರೆ. ಕಾಲಿನಲ್ಲಿ ಕಸುವುಳ್ಳವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿವೆ. ಧಾರವಾಡದವರಿಗೆ ಸಾಧನಕೇರಿ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ಮತ್ತು ನೃಪತುಂಗ ಬೆಟ್ಟ, ಮಂಗಳೂರಿನವರಿಗೆ ಕದ್ರಿಯ ಗುಡ್ಡ. ಹಿತ್ತಲಿಲ್ಲದ ಊರು ಕನ್ನಡನಾಡಿನಲ್ಲಿ ಅಪರೂಪ.

ಕಾಲು ತಪ್ಪಿದ ದಾರಿ

ಈ ದಾರಿಗಳಲ್ಲಿ ನಡೆಯಬೇಕಾದುದು ಆರೋಗ್ಯಕ್ಕಾಗಿ ಮಾತ್ರವೆ? ಬೆಂಗಳೂರಿನ ಕೆರೆಗಳ ಚರಿತ್ರೆ ಬೇರೊಂದು ಕಾರಣವನ್ನೂ ಹೇಳುತ್ತದೆ. ಇಂದು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿರುವ ಜಾಗದಲ್ಲಿ ಒಮ್ಮೆ ಧರ್ಮಾಂಬುಧಿ ಕೆರೆಯಿತ್ತು. ಪೇಟೆಯ ಜನ ಅದರ ನೀರನ್ನು ಬಳಸುತ್ತಿದ್ದರು. ಬಳಸುವ ತನಕ ಅದನ್ನು ಕಾಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದಿತು. ಜನ ಕೆರೆಯ ಕಡೆಗೆ ಹೋಗುವುದನ್ನು ಬಿಟ್ಟರು. ಕೆರೆ ಬತ್ತಿತು, ಮೈದಾನವಾಯಿತು, ಕೊನೆಗೆ ಬಸ್ಸುಗಳ ನೆಲೆಯಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಬಸ್ಸೂ ಬೇಕು, ಕ್ರೀಡೆಯೂ ಬೇಕು. ಆದರೆ ಜನರ ಕಾಲು ತಪ್ಪಿದ ನೆಲಕ್ಕೆ ವಾರಸುದಾರರಿಲ್ಲದಂತಾಗುತ್ತದೆಂಬುದನ್ನು ಈ ಸಂಗತಿಗಳು ತೋರಿಸುತ್ತವೆ.

ಲಾಲ್‌ಬಾಗೂ ಈ ಅಂಜಿಕೆಗೆ ಹೊರತಲ್ಲ. ಉದ್ಯಾನಗಳನ್ನು ಉಳಿಸುವುದಕ್ಕಾಗಿ ರಾಜ್ಯದಲ್ಲಿ 1975ರಲ್ಲಿ ಶಾಸನವಾಯಿತು. ಶಾಸನವಿದ್ದರೂ ಪ್ರಶ್ನೆಗಳು ಮತ್ತೆ ಮತ್ತೆ ಎದ್ದಿವೆ. 2009ರಲ್ಲಿ ಮೆಟ್ರೋ ಮಾರ್ಗಕ್ಕಾಗಿ ತೋಟದ ಅಂಚಿನ ನೆಲ ಮತ್ತು ಪಕ್ಕದ ರಸ್ತೆಯ ಮರಗಳು ಹೋದಾಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. 2025ರಲ್ಲಿ ನಗರದ ಸುರಂಗ ರಸ್ತೆಯ ಯೋಜನೆಯಲ್ಲಿ ಲಾಲ್‌ಬಾಗಿನ ನೆಲದ ಮಾತು ಬಂದಾಗಲೂ ದನಿಯೆತ್ತಿದವರಲ್ಲಿ ಅಲ್ಲಿ ನಿತ್ಯ ನಡೆಯುವವರು ಇದ್ದರು. ರೈಲು ಬೇಕೆಂಬವರಿಗೂ ಮರ ಬೇಕೆಂಬವರಿಗೂ ತಮ್ಮ ತಮ್ಮ ನ್ಯಾಯವಿರಬಹುದು; ಅದೇ ರೈಲು ಇಂದು ದೂರದವರನ್ನು ತೋಟಕ್ಕೆ ತಂದು ಬಿಡುತ್ತಿರುವುದೂ ನಿಜ. ಆದರೆ ಆ ವಾದ ನಡೆಯಬೇಕಾದರೆ ತೋಟದ ಪರವಾಗಿ ಮಾತಾಡಲು ಅದನ್ನು ಬಲ್ಲವರು ಇರಬೇಕು. ಯಾವ ತಿರುವಿನಲ್ಲಿ ಯಾವ ಮರವಿದೆ, ಹೋದ ವರ್ಷ ಇದ್ದ ಕೊಂಬೆ ಈ ವರ್ಷ ಏಕಿಲ್ಲ, ಕೆರೆಯ ನೀರು ಏಕೆ ಹಸುರಾಯಿತು ಎಂಬುದು ವರ್ಷಕ್ಕೊಮ್ಮೆ ಪ್ರದರ್ಶನಕ್ಕೆ ಬರುವವರಿಗೆ ತಿಳಿಯುವುದಿಲ್ಲ. ದಿನಾ ಆ ದಾರಿಯಲ್ಲಿ ಕಾಲಿಡುವವರಿಗೆ ತಿಳಿಯುತ್ತದೆ.

ದಾರಿಯ ಸ್ವಭಾವವೂ ದೇಹದ ಸ್ವಭಾವವೂ ಈ ಒಂದು ವಿಷಯದಲ್ಲಿ ಒಂದೇ. ಬಳಸಿದರೆ ಉಳಿಯುತ್ತವೆ, ಬಳಸದಿದ್ದರೆ ಕಿರಿದಾಗುತ್ತವೆ. ಹೆಜ್ಜೆ ಬೀಳದ ಕಾಲುದಾರಿಯನ್ನು ಎರಡು ಮಳೆಗಾಲಗಳಲ್ಲಿ ಹುಲ್ಲು ಮುಚ್ಚುತ್ತದೆ. ಹೆಜ್ಜೆ ಇಡದ ಕಾಲಿನ ಕಸುವು ಅದಕ್ಕಿಂತಲೂ ಬೇಗ ಕುಂದುತ್ತದೆ. ಆದುದರಿಂದ ಬೆಳಗಿನ ಅರ್ಧ ಗಂಟೆಯನ್ನು ತೋಟದಲ್ಲಿ ಕಳೆಯುವ ಗೃಹಸ್ಥನು ತನ್ನ ಮೈಯನ್ನು ಕಾಪಾಡಿಕೊಳ್ಳುವಾಗಲೇ, ತನಗರಿವಿಲ್ಲದಂತೆ, ತನ್ನ ಮೊಮ್ಮಕ್ಕಳ ಪಾಲಿನ ನೆರಳನ್ನೂ ಕಾಪಾಡುತ್ತಿರುತ್ತಾನೆ.

ಬರುವ ಭಾನುವಾರ ಹೇಗೂ ರಜೆ. ತಿಂಡಿಯನ್ನು ಅರ್ಧ ಗಂಟೆ ತಡಮಾಡಿ ಅಜ್ಜ, ಸೊಸೆ, ಮೊಮ್ಮಗು ಎಲ್ಲರೂ ಕೂಡಿ ಹೊರಡಬಹುದು. ಅಜ್ಜ ಕೆರೆಯ ಏರಿಯ ಕಲ್ಲುಬೆಂಚಿನವರೆಗೆ ನಡೆದು ಕುಳಿತಿರಲಿ. ಸೊಸೆ ತನ್ನ ಬಿರುಸಿನಲ್ಲಿ ಒಂದು ಸುತ್ತು ಬರಲಿ. ಮಗು ಬಂಡೆಯ ನೆತ್ತಿಗೆ ಓಡಿ ಊರೆಷ್ಟು ದೊಡ್ಡದೆಂದು ನೋಡಲಿ. ಮರಳಿ ಬರುವಾಗ ಎಲ್ಲರಿಗೂ ಹಸಿವಾಗಿರುತ್ತದೆ. ಬಹಳ ದಿನಗಳಿಂದ ಗಡಿಯಾರ ನೋಡಿ ಊಟ ಮಾಡುತ್ತಿದ್ದ ಮನೆಗೆ ಆ ಹಸಿವೇ ಮೊದಲ ಲಾಭ. ಉಳಿದ ಲಾಭಗಳು ನಿಧಾನವಾಗಿ, ಒಂದೊಂದು ಹೆಜ್ಜೆಯಾಗಿ ಬರುತ್ತವೆ.